ಸದ್ದು ನಿಂತರೆ ಸಾಕು

ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ ಅಂದ ಕೂಡಲೇ ಬೈಗುಳ, ಬೆತ್ತ ನೆನಪಾಗೋದು ಇನ್ನೂ ತಪ್ಪಿಲ್ಲ. ಬಿ.ಎಡ್. ಓದಿದವರು 'ಋಣಾತ್ಮಕ ಪುನರ್ಬಲನ' ಅಂತ ಬಾಯಿಪಾಠ ಮಾಡಿಯೂ ಅದನ್ನು ಶಿಕ್ಷೆ ಜೊತೆ ಕಲಸಿಬಿಡುತ್ತಾರೆ. ಪುನರ್ಬಲನ ಅಂದರೆ ಒಂದು ನಡವಳಿಕೆಯನ್ನು ಗಟ್ಟಿ ಮಾಡೋದು; ಋಣ ಅಂದರೆ ಇಲ್ಲಿ ಕಳೆಯುವ ಚಿಹ್ನೆ, ಅಷ್ಟೇ. ಏನೋ ಕಿರಿಕಿರಿ ಇತ್ತು, ಏನೋ ಮಾಡಿದಿರಿ, ಅದು ಹೋಯ್ತು. ಮುಂದಿನ ಸಲವೂ ಅದನ್ನೇ ಮಾಡ್ತೀರಿ. ಶಿಕ್ಷೆ ನಡವಳಿಕೆಯನ್ನು ಕುಗ್ಗಿಸುತ್ತೆ, ಇದು ಬೆಳೆಸುತ್ತೆ.

ಕಾರಿನ ಸೀಟ್‌ಬೆಲ್ಟ್ ಅಲಾರಂ ನೋಡಿ. 2019ರ ಜುಲೈಯಿಂದ ನಮ್ಮಲ್ಲಿ ಹೊಸ ಕಾರುಗಳ ಮುಂದಿನ ಸೀಟುಗಳಿಗೆ ಕಡ್ಡಾಯ. ಬೆಲ್ಟ್ ಹಾಕಿದರೆ ಸದ್ದು ನಿಲ್ಲುತ್ತೆ, ಹಾಗೇ ಅಭ್ಯಾಸವಾಗುತ್ತೆ ಅನ್ನೋದು ಲೆಕ್ಕಾಚಾರ. ಜನ ಏನು ಮಾಡಿದರು? ಬೆಲ್ಟ್ ಹಾಕದೆಯೇ ಸದ್ದು ನಿಲ್ಲಿಸೋಕೆ ಬಕಲ್‌ಗೆ ಸಿಕ್ಕಿಸೋ ಖಾಲಿ ಕ್ಲಿಪ್ ಕೊಂಡರು! 2023ರ ಮೇನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 5 ಆನ್‌ಲೈನ್ ಮಾರಾಟ ತಾಣಗಳಿಗೆ ಅದನ್ನು ತೆಗೆಯಿರಿ ಅಂತ ಆದೇಶ ಕೊಡಬೇಕಾಯ್ತು. ಕಡಿಮೆ ಶ್ರಮದಲ್ಲಿ ಕಿರಿಕಿರಿ ನಿಲ್ಲಿಸಿದ್ದು ಯಾವುದೋ ಅದೇ ಗಟ್ಟಿಯಾಗುತ್ತೆ. ನಿಯಮ ಮಾಡಿದವರ ಉದ್ದೇಶವನ್ನು ಯಾರೂ ಕೇಳಲ್ಲ.

ಗಣಿತದ ಪೀರಿಯಡ್‌ನಲ್ಲಿ ಗಲಾಟೆ ಮಾಡಿದ ಹುಡುಗನನ್ನು ಮೇಷ್ಟ್ರು ಹೊರಗೆ ನಿಲ್ಲಿಸ್ತಾರೆ. ಲೆಕ್ಕ ಬರದೆ ಒದ್ದಾಡ್ತಿದ್ದವನಿಗೆ ಅದು ಬಿಡುಗಡೆ. ಮೇಷ್ಟ್ರಿಗೂ ತರಗತಿ ಶಾಂತ. ಇಬ್ಬರೂ ನಾಳೆ ಅದನ್ನೇ ಮಾಡ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಮನೆಗಳೊಳಗಿನ ಇಂಥದ್ದೇ ಸುಳಿಯನ್ನು ದಶಕಗಳ ಕಾಲ ಅಧ್ಯಯನ ಮಾಡಿದರು: ಮಗು ಕಿರುಚುತ್ತೆ, ಅಮ್ಮ ಸೋಲ್ತಾಳೆ, ಕಿರುಚಾಟ ನಿಲ್ಲುತ್ತೆ. ತರಗತಿಯಲ್ಲಿ ಈ ಸುಳಿ ಬಿಡಿಸೋದು ಹೇಗೆ? 20 ಲೆಕ್ಕದ ಬದಲು 5 ಕೊಡಿ, ಆಮೇಲೆ 2 ನಿಮಿಷ ಬಿಡುವು. 'ಸರ್, ಬ್ರೇಕ್ ಬೇಕು' ಅಂತ ಕೇಳೋದನ್ನು ಕಲಿಸಿ, ಕೇಳಿದ ತಕ್ಷಣ ಕೊಡಿ. ಗಲಾಟೆಗೆ ಮಾತ್ರ ಬಿಡುಗಡೆ ಬೇಡ. ಮೊದಲಲ್ಲಿ ಗಲಾಟೆ ಇನ್ನೂ ಏರಬಹುದು. ಆಗ ಮಣಿದಿರೋ, ಇನ್ನಷ್ಟು ಜೋರಾಗಿ ಕೂಗಿದರೆ ಕೆಲಸ ಆಗುತ್ತೆ ಅಂತ ನೀವೇ ಕಲಿಸಿದ ಹಾಗೆ.

ಒಸಿಡಿಯಲ್ಲಿ, ಅಂದರೆ ಬೇಡದ ಯೋಚನೆ ಮತ್ತೆ ಮತ್ತೆ ಬಂದು ಒಂದೇ ಕೆಲಸವನ್ನು ಪದೇ ಪದೇ ಮಾಡಿಸೋ ಮಾನಸಿಕ ಕಾಯಿಲೆಯಲ್ಲಿ, ಇದರ ಹಿಡಿತ ಇನ್ನೂ ಬಿಗಿ. ಬಾಗಿಲ ಚಿಲಕ ಮುಟ್ಟಿದರೆ ಭಯ, ಕೈ ತೊಳೆದರೆ ಸಮಾಧಾನ. ಆ ಸಮಾಧಾನವೇ ಮುಂದಿನ ತೊಳೆತಕ್ಕೆ ಗೊಬ್ಬರ. ತೊಳೆಯದಿದ್ದರೆ ಏನಾಗುತ್ತೆ ಅಂತ ತಿಳಿಯುವ ಅವಕಾಶವೇ ಬರಲ್ಲ. ಚಿಕಿತ್ಸೆಯಲ್ಲಿ ಭಯಗಳಿಗೆ 0ಯಿಂದ 100ರವರೆಗೆ ಅಂಕ ಕೊಟ್ಟು, 30–40ರ ಆಸುಪಾಸಿನದನ್ನು ಮೊದಲು ಎತ್ತಿಕೊಳ್ಳೋದುಂಟು. ಮುಟ್ಟಬೇಕು, ತೊಳೆಯದೆ ಕೂರಬೇಕು. ಕೆಡೋದು ಕಳ್ಳದಾರಿಯಲ್ಲಿ: ನಡುವೆ ಒಂದು ಹನಿ ಸ್ಯಾನಿಟೈಸರ್, ಇಲ್ಲಾ 'ಏನೂ ಆಗಲ್ಲ ಅಲ್ವಾಮ್ಮ?' ಅನ್ನೋ ಪ್ರಶ್ನೆ. ಹತ್ತನೇ ಸಲ 'ಏನೂ ಆಗಲ್ಲ ಬಿಡೋ' ಅನ್ನೋ ಅಮ್ಮನ ಉತ್ತರವೂ ಸೋಪಿನ ಕೆಲಸವನ್ನೇ ಮಾಡುತ್ತೆ. ಹಾಗಾಗಿ ಮನೆಯವರನ್ನೂ ಕೂರಿಸಿಕೊಂಡು, ಆ ಪ್ರಶ್ನೆ ಬಂದಾಗ ಏನು ಹೇಳಬೇಕು ಅಂತ ಮೊದಲೇ ಮಾತಾಡಿಕೊಳ್ತಾರೆ. ಇದನ್ನು ತರಬೇತಾದವರ ಜೊತೆಗೇ ಮಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೇ ಅಂತ ಬೇರೆ ಕ್ಲಿನಿಕ್ ಇದೆ.