ದೊಡ್ಡ ಟೈರ್ ಹಾಕಿಸ್ತೀರಾ? ಕ್ರೌನ್ ಪಿನಿಯನ್‌ಗೂ ದುಡ್ಡು ಎತ್ತಿಡಿ

ಡೆನ್ವರ್‌ನಿಂದ ಪಶ್ಚಿಮಕ್ಕೆ ಐ-70 ಹೆದ್ದಾರಿ ಹತ್ತುತ್ತಾ ಹೋದರೆ ಐಸೆನ್‌ಹೋವರ್ ಸುರಂಗದ ಹತ್ತಿರ 11,000 ಅಡಿ ದಾಟುತ್ತದೆ. ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿಗೆ ಸುಮಾರು 3% ಶಕ್ತಿ ಕಳೆದುಕೊಳ್ಳುತ್ತದೆ. ಅಂದರೆ ಅಷ್ಟು ಎತ್ತರದಲ್ಲಿ ಮೂರರಲ್ಲೊಂದು ಪಾಲು ಹೋಯಿತು ಅಂತಲೇ ಲೆಕ್ಕ. ಟೈರ್ ದೊಡ್ಡದಾದಷ್ಟೂ ಅದನ್ನು ತಿರುಗಿಸಲು ಎಂಜಿನ್‌ಗೆ ಕಷ್ಟ. ಅಂಥ ಏರಿನಲ್ಲಿ, ಆಕ್ಸಲ್ ಗೇರ್ (ಎಂಜಿನ್ ಕಡೆಯಿಂದ ಬರುವ ಚಿಕ್ಕ ಪಿನಿಯನ್, ಅದು ತಿರುಗಿಸುವ ದೊಡ್ಡ ಕ್ರೌನ್ ಅನ್ನೋ ಹಲ್ಲುಚಕ್ರಗಳ ಜೋಡಿ) ಬದಲಿಸದೆ 35 ಇಂಚಿನ ಟೈರ್ ಹಾಕಿಸಿದ ಪಿಕಪ್ ಒಂದು ಗೇರಿನಲ್ಲಿ ನಿಲ್ಲುವುದೇ ಇಲ್ಲ. ಏರಿಸುತ್ತದೆ, ಇಳಿಸುತ್ತದೆ, ಮತ್ತೆ ಏರಿಸುತ್ತದೆ. ಗೇರ್‌ಬಾಕ್ಸ್ ಆಯಿಲ್ ಕಾಯುತ್ತದೆ.

ಇಲ್ಲಿ ಅಮೆರಿಕದಲ್ಲಿ ಟೈರ್ ಮಾತು ತೆಗೆದರೆ ಸಾಕು, ಎದುರಿನವರು ಆಕ್ಸಲ್ ಗೇರ್ ಎಷ್ಟು ಅಂತ ಕೇಳುತ್ತಾರೆ. ನಮ್ಮ ಕಡೆ ಥಾರ್‌ಗೋ ಜಿಪ್ಸಿಗೋ ದೊಡ್ಡ ಟೈರ್ ಹಾಕಿಸುವಾಗ ಈ ಮಾತು ಬರುವುದು ಕಡಿಮೆ. ಹಾಗಂತ ನಮ್ಮವರಿಗೆ ಗೊತ್ತಿಲ್ಲ ಅಂತಲ್ಲ. ಟಿಪ್ಪರ್‌ಗೆ ಬೇಕಾದ ಕ್ರೌನ್ ಪಿನಿಯನ್ ಬೇರೆ, ಹೆದ್ದಾರಿ ಲಾರಿಗೆ ಬೇರೆ ಅನ್ನೋದು ಲಾರಿ ಮೆಕ್ಯಾನಿಕ್‌ಗಳಿಗೆ ಚೆನ್ನಾಗಿ ಗೊತ್ತು. ಜೀಪ್ ಪ್ರೀತಿಸುವ ನಮ್ಮ ಹುಡುಗರು ಅವರನ್ನು ಕೇಳಬೇಕು ಅಷ್ಟೇ.

ಲೆಕ್ಕ ಸುಲಭ. ಗೇರ್ ಅನುಪಾತ ಅಂದರೆ ಕ್ರೌನ್ ಒಂದು ಸುತ್ತು ಬರಲು ಪಿನಿಯನ್ ಎಷ್ಟು ಸುತ್ತು ತಿರುಗಬೇಕು ಅನ್ನೋ ಸಂಖ್ಯೆ, ಅದು ದೊಡ್ಡದಾದಷ್ಟೂ ಎಳೆಯುವ ಬಲ ಜಾಸ್ತಿ. ಹಳೇ ಗೇರ್ ಅನುಪಾತವನ್ನು ಹೊಸ ಟೈರಿನ ಎತ್ತರದಿಂದ ಗುಣಿಸಿ, ಹಳೇ ಟೈರಿನ ಎತ್ತರದಿಂದ ಭಾಗಿಸಿ. 31 ಇಂಚಿಗೆ 3.73 ಇದ್ದ ಗಾಡಿಗೆ 35 ಹಾಕಿದರೆ 4.21 ಬೇಕು. ಅಂಗಡಿಯಲ್ಲಿ ಸಿಗುವುದು 4.10, ಆಮೇಲೆ 4.56. ನನ್ನ ಮಾತು ಕೇಳಿದರೆ 4.56 ಹಾಕಿಸಿ, ಯಾಕಂದ್ರೆ ಈ ಲೆಕ್ಕ ಟೈರಿನ ಎತ್ತರವನ್ನಷ್ಟೇ ನೋಡುತ್ತದೆ, ಅದರ ತೂಕ, ಮೇಲೆತ್ತಿದ ಗಾಡಿಗೆ ಬಡಿಯುವ ಗಾಳಿ, ಹಿಂದೆ ಕಟ್ಟಿದ ಟ್ರೇಲರ್ ಯಾವುದೂ ಇದರಲ್ಲಿಲ್ಲ. ಜೀಪ್ ಕಂಪನಿಯೇ ರ‍್ಯಾಂಗ್ಲರ್‌ಗೆ 35 ಇಂಚಿನ ಟೈರ್ ಕೊಟ್ಟಾಗ ಜೊತೆಗೆ 4.56 ಗೇರ್ ಕೊಟ್ಟಿತು, ಅಲ್ವಾ?

ಇನ್ನು ದುಡ್ಡು. ಫೋರ್ ವೀಲ್ ಡ್ರೈವ್ ಆದರೆ ಮುಂದೆ ಹಿಂದೆ ಎರಡೂ ಒಂದೇ ಅನುಪಾತ ಇರಲೇಬೇಕು, ಹಾಗಾಗಿ ಖರ್ಚು ಡಬಲ್. ಅಮೆರಿಕದಲ್ಲಿ ಎರಡೂ ಸೇರಿ 2,000 ಡಾಲರ್ ಆಸುಪಾಸು, ಎಷ್ಟೋ ಕಡೆ ಇನ್ನೂ ಜಾಸ್ತಿ. ಅದರಲ್ಲಿ ದೊಡ್ಡ ಪಾಲು ಕೂಲಿ. ಅಲ್ಲಿ ಮಾತ್ರ ಚೌಕಾಸಿ ಬೇಡ. ಒಳ್ಳೆ ಮೆಕ್ಯಾನಿಕ್ ಕ್ರೌನ್ ಹಲ್ಲಿಗೆ ಹಳದಿ ಪೇಸ್ಟ್ ಬಳಿದು, ಕೈಯಲ್ಲೇ ತಿರುಗಿಸಿ, ಪಿನಿಯನ್ ಎಲ್ಲಿ ಒತ್ತಿದೆ ಅಂತ ಗುರುತು ನೋಡುತ್ತಾನೆ. ಗುರುತು ಹಲ್ಲಿನ ತುದಿಗೋ ಬುಡಕ್ಕೋ ಸರಿದಿದ್ದರೆ ಮತ್ತೆ ಬಿಚ್ಚಿ, ತೆಳ್ಳನೆ ಶಿಮ್ (ಪಿನಿಯನ್ ಕೂರುವ ಜಾಗ ಸರಿಹೊಂದಿಸುವ ಲೋಹದ ಬಿಲ್ಲೆ) ಬದಲಿಸಿ, ಮತ್ತೆ ಜೋಡಿಸಿ, ಮತ್ತೆ ಬಳಿಯುತ್ತಾನೆ. ಹಲ್ಲುಗಳ ನಡುವಿನ ಸಡಿಲ ಸಾಮಾನ್ಯವಾಗಿ ಇಂಚಿನ ಸಾವಿರದಲ್ಲಿ 6ರಿಂದ 10 ಪಾಲು ಅಷ್ಟೇ. ಈ ತಾಳ್ಮೆಗೇ ನಾವು ಕೂಲಿ ಕೊಡುವುದು. ಅವಸರದಲ್ಲಿ ಮಾಡಿದರೆ ಗಾಡಿ ಊಳಿಡುತ್ತದೆ, ಸ್ವಲ್ಪ ದಿನಕ್ಕೆ ಹಲ್ಲೂ ಹೋಗುತ್ತದೆ. ಮೊದಲ 500 ಮೈಲಿ ಟ್ರೇಲರ್ ಎಳೆಯಬೇಡಿ, ಆಮೇಲೆ ಆಕ್ಸಲ್ ಆಯಿಲ್ ಬದಲಿಸಿ.

31ರ ಬದಲು 33 ಇಂಚು ಹಾಕಿಸಿ, ಸಮತಟ್ಟಾದ ರಸ್ತೆಯಲ್ಲಿ ಖಾಲಿ ಓಡಾಡುವವರಿಗೆ ಇಷ್ಟೆಲ್ಲ ಖರ್ಚು ಬೇಡ. ಸ್ಪೀಡೋಮೀಟರ್ ಸರಿ ಮಾಡಿಸಿಕೊಳ್ಳಿ ಸಾಕು. ಇಲ್ಲದಿದ್ದರೆ ಅದು 60 ತೋರಿಸುವಾಗ ಗಾಡಿ 64ರಲ್ಲಿ ಹೋಗ್ತಾ ಇರುತ್ತದೆ.