ಮ್ಯಾನ್ ಎಂಜಿನ್ ಮೈಕೆಲ್ ಲೋಮ್ ಅವರ ಆವಿಷ್ಕಾರವಲ್ಲ: ಸ್ಪಷ್ಟನೆ
ಕಾರ್ಮಿಕರನ್ನು ಗಣಿಯೊಳಕ್ಕೆ ಇಳಿಸಿ ಹತ್ತಿಸುತ್ತಿದ್ದ ‘ಮ್ಯಾನ್ ಎಂಜಿನ್’ ಯಂತ್ರವನ್ನು ಇಂಗ್ಲೆಂಡಿನ ಕಾರ್ನ್‌ವಾಲ್‌ನ ಎಂಜಿನಿಯರ್ ಮೈಕೆಲ್ ಲೋಮ್ ಕಂಡುಹಿಡಿದರೆಂದೂ ಅದು ಅಪಾಯವೇ ಇಲ್ಲದ ಸಾಧನವಾಗಿತ್ತೆಂದೂ ಹರಿದಾಡುತ್ತಿರುವ ಮಾತು ಸರಿಯಲ್ಲ. ಜರ್ಮನಿಯ ಹಾರ್ಟ್ಸ್ ಬೆಟ್ಟಸೀಮೆಯ ಗಣಿ ಅಧಿಕಾರಿ ಡ್ಯೋರೆಲ್ 1833ರಲ್ಲೇ ಇದನ್ನು ಬಳಕೆಗೆ ತಂದಿದ್ದರು. ನೀರಿನ ಚಕ್ರದ ಬಲದಿಂದ ಅಕ್ಕಪಕ್ಕದ ಎರಡು ಉದ್ದನೆಯ ದಂಡಗಳಲ್ಲಿ ಒಂದು ಮೇಲೇರುವಾಗ ಇನ್ನೊಂದು ಕೆಳಗಿಳಿಯುತ್ತಿತ್ತು. ಅವು ದಿಕ್ಕು ಬದಲಿಸುವ ಅರೆಕ್ಷಣದಲ್ಲಿ ಕಾರ್ಮಿಕನು ಒಂದರ ಮೆಟ್ಟಿಲಿನಿಂದ ಮತ್ತೊಂದರ ಮೆಟ್ಟಿಲಿಗೆ ಕಾಲಿಡುತ್ತ, ಹಿಡಿಕೆಯನ್ನೂ ಬದಲಿಸಿಕೊಳ್ಳುತ್ತ ಸಾಗಬೇಕಿತ್ತು. ಲೋಮ್ 1842ರಲ್ಲಿ ಟ್ರೆಸವೇನ್ ಗಣಿಯಲ್ಲಿ ಅದನ್ನು ಅಳವಡಿಸಿ ಕಾರ್ನ್‌ವಾಲ್‌ಗೆ ಪರಿಚಯಿಸಿದರು. ದಿನವೂ ಏಣಿ ಹತ್ತಿ ಬಸವಳಿಯುತ್ತಿದ್ದವರಿಗೆ ಅದೇನೂ ಸಣ್ಣ ಉಪಕಾರವಲ್ಲ. ಇನ್ನು ಸುರಕ್ಷತೆಯ ಮಾತು: 1919ರ ಅಕ್ಟೋಬರ್ 20ರಂದು ಅಲ್ಲಿನದೇ ಲೆವಾಂಟ್ ಗಣಿಯಲ್ಲಿ ದಂಡವನ್ನು ಮೇಲ್ಗಡೆ ಯಂತ್ರಕ್ಕೆ ಜೋಡಿಸಿದ್ದ ಲೋಹದ ಕೊಂಡಿ ಮುರಿದು 31 ಮಂದಿ ಪ್ರಾಣ ಕಳೆದುಕೊಂಡರು.