ಕಂಚಿನ ಬಸವ, ತಲೆಯಾಡಿಸುವ ಸಮಿತಿ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ, ಕೇಳಿದ್ದಕ್ಕೆಲ್ಲ ತಲೆಯಾಡಿಸುವ ಕೋಲೆಬಸವನನ್ನು ಆಡಿಸುವವನ ಪ್ರತಿಮೆ ನಿಲ್ಲಿಸಬೇಕೆಂದು ಒಂದು ಸಮಿತಿ ತೀರ್ಮಾನಿಸಿತು. ಹತ್ತು ನಿಮಿಷವೂ ಹಿಡಿಯಲಿಲ್ಲ. ಅಧ್ಯಕ್ಷರು "ಮಾಡೋಣವೇ?" ಎಂದರು, ಹನ್ನೊಂದು ತಲೆಗಳು ಒಟ್ಟಿಗೆ ಅಲ್ಲಾಡಿದವು. ಈ ಕಲೆ ಅಳಿಯುತ್ತಿದೆ ಎಂದು ಯಾರ್ರೀ ಹೇಳಿದ್ದು?

ಮೊದಲ ತೊಡಕು ಜಾಗದ್ದು. ರಸ್ತೆ, ಫುಟ್‌ಪಾತ್‌ಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಕೂಡದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ಹೇಳಿದೆ. ಆದರೆ ಹೈಮಾಸ್ಟ್ ದೀಪಕ್ಕೂ ರಸ್ತೆಯ ಸೌಂದರ್ಯೀಕರಣಕ್ಕೂ ಆ ಆದೇಶ ಅನ್ವಯಿಸದು ಎಂಬುದನ್ನು ಸಮಿತಿಯ ವಕೀಲರು ಹೆಕ್ಕಿ ತೆಗೆದರು. ಹಾಗಾಗಿ ಕಡತದಲ್ಲಿ ಬಸವ ಬಸವನಲ್ಲ, 'ಸೌಂದರ್ಯೀಕರಣ'. ಯಾವುದಕ್ಕೂ ಇರಲಿ ಎಂದು ಎರಡು ಕೊಂಬಿಗೂ ಒಂದೊಂದು ಬಲ್ಬು.

ಎರಡನೆಯದು ಬಸವನದೇ. ಪಳಗಿಸಿ ಪ್ರದರ್ಶಿಸಬಾರದ ಪ್ರಾಣಿಗಳ ಪಟ್ಟಿಗೆ, ಕರಡಿ, ಕೋತಿ, ಹುಲಿ, ಸಿಂಹಗಳ ಸಾಲಿಗೆ, ಕೇಂದ್ರ ಸರ್ಕಾರ 2011ರ ಜುಲೈನಲ್ಲಿ ಹೋರಿಯನ್ನೂ ಸೇರಿಸಿತು. ಕಂಬಳಕ್ಕೆ, ಎತ್ತಿನಗಾಡಿ ಓಟಕ್ಕೆಂದು ರಾಜ್ಯ ಸರ್ಕಾರ 2017ರಲ್ಲಿ ತಿದ್ದುಪಡಿ ತಂದಿತು. ಓಡುವ ಕೋಣಕ್ಕೆ ಜನ ಇದ್ದಾರೆ. ನಿಂತಲ್ಲೇ ತಲೆಯಾಡಿಸುವ ಬಸವನಿಗೆ ಯಾರಿದ್ದಾರೆ? ಕಂಚಿನದಾದರೆ ಅಡ್ಡಿಯಿಲ್ಲ ಎಂದಾಯಿತು.

ಬಿಸಿಬಿಸಿ ಚರ್ಚೆ ಎದ್ದದ್ದು ಕೈಯ ಬಗ್ಗೆ. ಶಿಲ್ಪಿ ತಂದ ಮಣ್ಣಿನ ಮಾದರಿಯಲ್ಲಿ ಕಲಾವಿದನ ಬಲಗೈ ಮುಂದೆ ಚಾಚಿತ್ತು. "ಇದಾಗಲ್ಲ" ಎಂದರು ನಿವೃತ್ತ ಅಧಿಕಾರಿಯೊಬ್ಬರು. ಕಾಯ್ದೆ ಅವರ ನಾಲಿಗೆಯ ತುದಿಯಲ್ಲೇ ಇತ್ತು: ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ, 1975. ಹಾಡಿದರೂ ಕುಣಿದರೂ ಕಣಿ ಹೇಳಿದರೂ, ಬೀದಿಯಲ್ಲಿ ಕೈಯೊಡ್ಡಿ ಕಾಸು ಪಡೆದರೆ ಅದು ಭಿಕ್ಷೆಯೇ. ಬಸವ ಎದೆಯ ಮೇಲೆ ಗೊರಸಿಟ್ಟರೂ ನೋಯದಂತೆ ಮಲಗುವುದನ್ನು ಕಲಿಯಲು ಎಷ್ಟು ವರ್ಷ ಹಿಡಿಯಿತು ಎಂದು ಕಾಯ್ದೆ ಕೇಳುವುದಿಲ್ಲ. ನಾವು ಕಟ್ಟುವ ಮನೆಗಂದಾಯದ ಮೇಲೆ ನೂರಕ್ಕೆ 3ರಂತೆ ಭಿಕ್ಷುಕರ ಕರ ಬೀಳುವುದೂ ಇದೇ ಕಾಯ್ದೆಯಿಂದ. ರಸೀದಿ ಇದ್ದರೆ ತೆಗೆದು ನೋಡಿ. ಅಂದರೆ ಬಾಗಿಲಿಗೆ ಬಂದವನಿಗೆ ನಾನು ಹತ್ತು ರೂಪಾಯಿ ಕೊಟ್ಟರೆ ಅವನು ತಪ್ಪಿತಸ್ಥ. ಅವನನ್ನು ವ್ಯಾನಿಗೆ ಹತ್ತಿಸುವುದಕ್ಕಾದರೆ ನಾನು ವರ್ಷ ವರ್ಷ ತಪ್ಪದೆ ಕೊಡುತ್ತಲೇ ಇದ್ದೇನೆ.

ಕೊನೆಗೆ ಆ ಕೈಯನ್ನು ಮೇಲೆತ್ತಿಸಿ ಅಭಯಹಸ್ತ ಮಾಡಿದರು. ಈಗ ಆಸಾಮಿ ವಾರ್ಡ್ ಚುನಾವಣೆಗೆ ನಿಂತವನ ಹಾಗೆ ಕಾಣುತ್ತಾನೆ.

2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಊರಿನಲ್ಲಿ ಬಸವ ಸುಮ್ಮನೆ ನಿಂತಿದ್ದರೆ ಹೇಗೆ? ಕತ್ತಿಗೊಂದು ಮೋಟಾರು ಕೂರಿಸಿದರು. ಗುಂಡಿ ಒತ್ತಿದರೆ ತಲೆಯಾಡಿಸುತ್ತದೆ, ಪ್ರಶ್ನೆ ಯಾವುದೇ ಇರಲಿ. 'ಇಲ್ಲ' ಎಂದು ಅಡ್ಡಡ್ಡ ಆಡಿಸುವ ಸೌಕರ್ಯ ಅಂದಾಜುಪಟ್ಟಿಯಲ್ಲಿರಲಿಲ್ಲ.

ಶಿಲ್ಪಿಗೆ ಮಾದರಿಯಾಗಿ ನಿಂತಿದ್ದವನು ಗುಬ್ಬಿ ಕಡೆಯ ಒಬ್ಬ ತಾತ. ಅನಾವರಣದ ದಿನ ಯಾರೂ ಕರೆಯದಿದ್ದರೂ ಬಂದ. ಜೊತೆಗೆ ಅವನ ರಾಮ: ಬೆನ್ನ ಮೇಲೆ ಬಣ್ಣದ ಬಟ್ಟೆ, ಕೊರಳಲ್ಲಿ ಕವಡೆ ಸರ, ಕಾಲಲ್ಲಿ ಗೆಜ್ಜೆ. ಪೊಲೀಸಿನವನು ಲಾಠಿ ಅಡ್ಡ ಹಿಡಿದ.

"ತಾತ, ಆ ಕಡೆ ಹೋಗು. ವಿಐಪಿ ಬರ್ತಾವ್ರೆ."

"ಸಾಮಿ, ಅಲ್ಲಿ ನಿಂತಿರಾದು ನಾನೇ ಅಲ್ವಾ?"

"ಗೊತ್ತು ಕಣಪ್ಪ. ಅದು ಅಲ್ಲೇ ಇರ್ತದೆ. ನೀನು ಹೋಗು."

ಭಾಷಣ ಮುಕ್ಕಾಲು ಗಂಟೆ. ಇದು ಗುಬ್ಬಿ ವೀರಣ್ಣನವರ ಮಣ್ಣು, ಇಲ್ಲಿ ಕಲೆಗೆ ಬೆಲೆಯಿದೆ ಎಂದರು. ಗುಬ್ಬಿ ಕಂಪನಿ ಹುಟ್ಟಿದ 1884 ಎರಡು ಸಲ ಬಂತು. ಕೋಲೆಬಸವ ಒಂದು ಸಲವೂ ಬರಲಿಲ್ಲ. ಪರದೆ ಸರಿಸಿ ಗುಂಡಿ ಒತ್ತಿದರೆ ಕರೆಂಟಿಲ್ಲ. ವೇದಿಕೆಯ ಮೇಲಿದ್ದವರೇ ಒಂದಷ್ಟು ಹೊತ್ತು ತಲೆಯಾಡಿಸಿ ಸುಧಾರಿಸಿದರು.

ಎಲ್ಲರೂ ಊಟಕ್ಕೆ ಹೋದ ಮೇಲೆ ತಾತ ಪೀಠದ ನೆರಳಿನಲ್ಲಿ ಬಂದು ಕೂತ. ರಾಮ ಕತ್ತು ಚಾಚಿ, ಕಂಚಿನವನ ಕೊರಳಿಂದ ಇಳಿಬಿದ್ದಿದ್ದ ಆಳೆತ್ತರದ ಚೆಂಡುಹೂವಿನ ಹಾರವನ್ನು ಎಳೆದುಕೊಂಡು ನಿಧಾನವಾಗಿ ತಿಂದು ಮುಗಿಸಿತು. ಸಮಿತಿಯಿಂದ ಆ ಸಂಸಾರಕ್ಕೆ ಇದುವರೆಗೆ ಸಂದದ್ದು ಅಷ್ಟೇ.

ಹಾರ ಮತ್ತೆ ಎಟುಕದಿರಲೆಂದು ಪೀಠವನ್ನು ಎರಡಡಿ ಏರಿಸುವ ಅಂದಾಜುಪಟ್ಟಿ ಮಾರನೆಯ ಬೆಳಿಗ್ಗೆ ಸಭೆಯ ಮುಂದೆ ಬಂತು. ಹನ್ನೊಂದು ತಲೆಗಳೂ ಹಾಜರಿದ್ದವು.